ಬೆಕ್ಕಿನ ಬಣಗಳು: ವಾಸನೆಯ ಮೇಲೆ ಕಟ್ಟುವ ಆಟ

ಕೇಳುಗರಿಗೆ ನಮಸ್ಕಾರ.

ಎರಡು ಗಡವ ಬೆಕ್ಕುಗಳು ಕಾಂಪೌಂಡ್ ಗೋಡೆಯ ಮೇಲೆ ಎದುರುಬದುರಾಗಿ ನಿಂತದ್ದನ್ನು ನೀವು ನೋಡಿರುತ್ತೀರಿ. ಕೂದಲು ಸೆಟೆದಿರುತ್ತದೆ, ಕಿವಿ ಹಿಂದಕ್ಕೆ ಮಲಗಿರುತ್ತದೆ, ಗಂಟಲಿನಿಂದ ಮಗು ಅತ್ತಂಥ ಸದ್ದು ಬರುತ್ತಿರುತ್ತದೆ. ಈಗ ಬಿತ್ತು ಏಟು ಅಂತ ನಾವು ಕಾಯುತ್ತೇವೆ. ಎಷ್ಟೋ ಸಲ ಏಟು ಬೀಳುವುದೇ ಇಲ್ಲ. ಒಂದು ಬೆಕ್ಕು ಮುಖ ತಿರುಗಿಸಿ, ಹೆಜ್ಜೆ ಎಣಿಸಿಕೊಂಡು ಹಿಂದೆ ಸರಿಯುತ್ತದೆ. ಉಳಿದದ್ದು ಹೋಗಿ ಗೇಟಿನ ಕಂಬಕ್ಕೆ ಕೆನ್ನೆ ಉಜ್ಜುತ್ತದೆ. ಬೆಕ್ಕಿನ ಕೆನ್ನೆ, ಗಲ್ಲ, ಬಾಲದ ಬುಡ, ಪಂಜಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಕಂಬಕ್ಕೆ ಬಿದ್ದದ್ದು ಅದರ ರುಜು. ಆದರೆ ಆ ವಾಸನೆ ದಿನ ಕಳೆದಂತೆ ಇಳಿಯುತ್ತದೆ. ಮತ್ತೆ ಬಂದು ಉಜ್ಜಬೇಕು.

ಬೆಕ್ಕಿನ ಎರಡು ಬಣಗಳು ಸೆಣಸುವ ಆನ್‌ಲೈನ್ ಆಟ ಮಾಡಹೊರಟವರು ಸಾಮಾನ್ಯವಾಗಿ ಬಂದೂಕಿನ ಆಟವೊಂದನ್ನು ತಂದು, ಸೈನಿಕನ ಜಾಗದಲ್ಲಿ ಬೆಕ್ಕನ್ನು ನಿಲ್ಲಿಸುತ್ತಾರೆ. ಬಂದೂಕಿನ ಬದಲು ಪಂಜ, ಬಾವುಟದ ಬದಲು ಮೀನು. ಆಡಲು ಬಂದವರು ಎರಡು ದಿನ ಬೆಕ್ಕಿನ ಬಣ್ಣ ಬದಲಾಯಿಸಿಕೊಂಡು ಹೋಗುತ್ತಾರೆ, ಅಷ್ಟೇ. ಬೆಕ್ಕಿನ ಆಟವೆಂದರೆ ಗುರುತು ಹಾಕುವ ಆಟ. ಇಳಿಯುವ ವಾಸನೆಯನ್ನು ಕಾಪಾಡಿಕೊಳ್ಳುವ ಆಟ. ಅದನ್ನೇ ಅಂಕೆಗಳಲ್ಲಿ ಹೇಳುತ್ತೇನೆ. ಕಾಗದ ಪೆನ್ನು ಹತ್ತಿರವಿದ್ದರೆ ಒಳ್ಳೆಯದು.

ಜಾಗ, ಮಲ್ಪೆಯಂಥ ಒಂದು ಮೀನುಗಾರಿಕೆ ಬಂದರು ಎಂದುಕೊಳ್ಳಿ. ಬೆಕ್ಕುಗಳಿಗೆ ಅಲ್ಲಿ ಇರಲು ಕಾರಣವಿದೆ, ಅದನ್ನು ಯಾರಿಗೂ ವಿವರಿಸಬೇಕಿಲ್ಲ. ಉತ್ತರಕ್ಕೆ ಐಸ್ ಪ್ಲಾಂಟ್, ಅದು ಒಂದು ಬಣದ ಗೂಡು. ದಕ್ಷಿಣಕ್ಕೆ ಬಲೆ ಇಡುವ ಷೆಡ್, ಇನ್ನೊಂದು ಬಣದ್ದು. ಸುತ್ತಲೂ ಬಳೆಯಂತೆ ಗುರುತು ಹಾಕುವ ಏಳು ನೆಲೆಗಳು, ಒಂದರಿಂದ ಇನ್ನೊಂದಕ್ಕೆ 30 ಮೀಟರ್. ಪ್ರತಿ ಗೂಡಿನ ಕಡೆಗೆ ಮೂರು ಮೂರು. ಏಳನೆಯದು ಇಬ್ಬರಿಗೂ ಸಮದೂರದ ಹರಾಜು ಕಟ್ಟೆ. ನೆಲೆಗಳ ಸಂಖ್ಯೆ ಬೆಸವೇ ಆಗಿರಬೇಕು. ಆರು ಇಟ್ಟರೆ ಮೂರು ಮೂರು ಹಂಚಿಕೊಂಡು ಎರಡೂ ಕಡೆಯವರು ಸುಮ್ಮನೆ ಕೂರುತ್ತಾರೆ.

ಬಣಕ್ಕೆ ಐದು ಬೆಕ್ಕು. ಓಟ ಸೆಕೆಂಡಿಗೆ 6 ಮೀಟರ್; ಅಂದರೆ ನೆಲೆಯಿಂದ ನೆಲೆಗೆ 5 ಸೆಕೆಂಡ್. ನಿಜವಾದ ಬೆಕ್ಕು ಜೀವ ಬಿಟ್ಟು ಓಡಿದರೆ ಇದರ ಎರಡರಷ್ಟು ಓಡುತ್ತದೆ. ಅಷ್ಟು ವೇಗ ಕೊಟ್ಟರೆ ಮೊಬೈಲಿನಲ್ಲಿ ಹೆಬ್ಬೆರಳಿಂದ ಆಡುವವರು ತಿರುವು ಸಿಗದೆ ಗೋಡೆಗೆ ಗುದ್ದುತ್ತಾರೆ.

ನೆಲೆಯ ವಾಸನೆ 0ಯಿಂದ 100ರವರೆಗೆ. 3 ಸೆಕೆಂಡ್ ಕೆನ್ನೆ ಉಜ್ಜಿದರೆ 40 ಏರುತ್ತದೆ. ಬಿಟ್ಟರೆ ಸೆಕೆಂಡಿಗೆ 2 ಇಳಿಯುತ್ತದೆ. ಎದುರಾಳಿಯ ನೆಲೆಯಾದರೆ ಮೊದಲು ಅವರ ವಾಸನೆ ಅಳಿಸಬೇಕು, ಸೆಕೆಂಡಿಗೆ 25ರಂತೆ. ಹಾಗಾಗಿ ಹಳಸಿದ ನೆಲೆ ಸುಲಭದ ತುತ್ತು, ಈಗಷ್ಟೇ ಉಜ್ಜಿದ್ದು ಗಟ್ಟಿ. ಕೈಯಲ್ಲಿರುವ ಒಂದೊಂದು ನೆಲೆಗೂ 5 ಸೆಕೆಂಡಿಗೆ 1 ಅಂಕ. ಮೊದಲು 300 ಮುಟ್ಟಿದವರು ಗೆದ್ದರು. ಯಾರೂ ಮುಟ್ಟದಿದ್ದರೆ 10 ನಿಮಿಷಕ್ಕೆ ಮುಂದಿದ್ದವರು. ನಾಲ್ಕು ನೆಲೆ ಹಿಡಿದವರು ನಿಮಿಷಕ್ಕೆ 48 ಅಂಕದಂತೆ 6 ನಿಮಿಷ 15 ಸೆಕೆಂಡಿಗೆ ಮುಗಿಸುತ್ತಾರೆ. ಆ ಹೊತ್ತಿಗೆ ಮೂರು ನೆಲೆಯವರ ಹತ್ತಿರ 225 ಇರುತ್ತದೆ.

ಈಗ ಬಂತು ನೋಡಿ ಲೆಕ್ಕದ ಸ್ವಾರಸ್ಯ. ಕಾವಲಿಗೆ ಬಿಟ್ಟ ಒಂದು ಬೆಕ್ಕು 5 ಸೆಕೆಂಡ್ ಓಡಿ, 3 ಸೆಕೆಂಡ್ ಉಜ್ಜುತ್ತದೆ. 8 ಸೆಕೆಂಡಿಗೆ 40, ಅಂದರೆ ಸೆಕೆಂಡಿಗೆ 5 ತುಂಬುತ್ತದೆ. ಒಂದು ನೆಲೆ ಸೆಕೆಂಡಿಗೆ 2 ಕಳೆಯುತ್ತದೆ. ಹಾಗಾದರೆ ಒಂದು ಬೆಕ್ಕಿನಿಂದ ಎರಡೂವರೆ ನೆಲೆ ನಿಭಾಯಿಸಬಹುದು. ನಾಲ್ಕು ನೆಲೆ ಇದ್ದ ಬಣ ಒಂದೂವರೆ ಬೆಕ್ಕಿಗೆ ಸ್ವಲ್ಪ ಹೆಚ್ಚು ಕೆಲಸವನ್ನು ಉಜ್ಜುವುದರಲ್ಲೇ ಕಳೆಯುತ್ತದೆ. ಆರು ಹಿಡಿದರೆ ಸುಮಾರು ಎರಡೂವರೆ. ಏಳೂ ಹಿಡಿದರೆ ಹತ್ತಿರಹತ್ತಿರ ಮೂರು ಬೆಕ್ಕು ಬರೀ ಕೆನ್ನೆ ಉಜ್ಜುತ್ತಾ ಸುತ್ತಬೇಕು, ಎರಡೇ ಕಾದಾಡಲು ಉಳಿಯುತ್ತವೆ. ಸೋಲುತ್ತಿರುವ ಕಡೆಯ ಐದೂ ಬೆಕ್ಕು ಖಾಲಿ ಇವೆ. ಎಲ್ಲಿ ಬೇಕಾದರೂ ಒಟ್ಟಾಗಿ ನುಗ್ಗಬಹುದು.

ಗೆಲ್ಲುವವರಿಗೆ ಗೆಲುವೇ ಹೊರೆಯಾಗಬೇಕು. ತಂಡದ ಆಟಗಳು ಸಾಯುವುದು ಹೆಚ್ಚಾಗಿ ಇಲ್ಲೇ: ಮೊದಲ ಎರಡು ನಿಮಿಷ ಮುಂದೆ ಹೋದವರಿಗೆ ಹೆಚ್ಚು ಬಲ ಸಿಗುತ್ತದೆ, ಆ ಬಲದಿಂದ ಇನ್ನೂ ಮುಂದೆ ಹೋಗುತ್ತಾರೆ, ಉಳಿದ ಎಂಟು ನಿಮಿಷ ಎದುರಿನವರಿಗೆ ಶಿಕ್ಷೆ. ಕಬಡ್ಡಿ ಕಟ್ಟಿದವರು ಇದನ್ನು ಚೆನ್ನಾಗಿ ಬಲ್ಲರು. ಪ್ರೊ ಕಬಡ್ಡಿಯ ನಿಯಮ ನೆನಪಿಸಿಕೊಳ್ಳಿ. ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ಇಡೀ ತಂಡ ಔಟಾದರೆ ಎದುರಾಳಿಗೆ 2 ಅಂಕ ಸಿಗುತ್ತದೆ ನಿಜ, ಆದರೆ ಏಳೂ ಜನ ಮತ್ತೆ ಅಂಗಳಕ್ಕೆ ಬರುತ್ತಾರೆ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಕಾಲಹರಣಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ಆಟದಲ್ಲಿ ಸೋಲುವವರಿಗೆ ಬೇರೆ ಬೋನಸ್ ಬೇಕಿಲ್ಲ. ಇಳಿಯುವ ವಾಸನೆ ಆ ಕೆಲಸ ಮಾಡುತ್ತದೆ, ಯಾರ ಕಣ್ಣಿಗೂ ಅದು ದಾನದಂತೆ ಕಾಣುವುದೂ ಇಲ್ಲ.

ಜಗಳಕ್ಕೆ ಬರೋಣ. ಇಲ್ಲಿ ಯಾವ ಬೆಕ್ಕೂ ಸಾಯುವುದಿಲ್ಲ. ಪ್ರಾಣದ ಬದಲು ಧೈರ್ಯ, 100. ಪಂಜದ ಏಟಿಗೆ 20 ಇಳಿಯುತ್ತದೆ. ಎರಡು ಮೀಟರಿಗಿಂತ ಎತ್ತರದಿಂದ ಮೇಲೆ ಬಿದ್ದರೆ 40. ಹೆಂಚಿನ ಮಾಡು, ಮೀನಿನ ಪೆಟ್ಟಿಗೆಗಳ ರಾಶಿ, ದೋಣಿಯ ಅಂಚಿಗೆ ಬೆಲೆ ಬರುವುದು ಇದರಿಂದಲೇ. ಮುಖಾಮುಖಿ ನಿಂತು ಗುರ್ ಎಂದರೆ ಎದುರಿನದಕ್ಕೆ 10, ಆಮೇಲೆ 8 ಸೆಕೆಂಡ್ ಮತ್ತೆ ಗುರ್ ಎನ್ನುವಂತಿಲ್ಲ. ಧೈರ್ಯ ಸೊನ್ನೆಯಾದ ಬೆಕ್ಕು ಬಾಲ ಮುದುರಿ ತಾನಾಗಿ ಗೂಡಿಗೆ ಓಡುತ್ತದೆ, ಅಲ್ಲಿ 6 ಸೆಕೆಂಡ್ ಕೂರುತ್ತದೆ. ಅದೇ ಬಣದ ತಾಯಿ ಬೆಕ್ಕು ಹತ್ತಿರ ಬಂದು ನೆಕ್ಕಿದರೆ 2 ಸೆಕೆಂಡ್ ಸಾಕು. ಪಾತ್ರಗಳು ಮೂರಕ್ಕಿಂತ ಹೆಚ್ಚು ಬೇಡ: ಏಟಿಗೆ ಗಡವ, ಓಟಕ್ಕೆ ಮರಿ, ಆರೈಕೆಗೆ ತಾಯಿ.

ಮೀನನ್ನು ಮರೆತರೆ ಬೆಕ್ಕುಗಳು ಒಪ್ಪುವುದಿಲ್ಲ. 3ನೇ ನಿಮಿಷಕ್ಕೆ, 6ನೇ ನಿಮಿಷಕ್ಕೆ ಒಂದೊಂದು ದೋಣಿ ಬಂದು ಹರಾಜು ಕಟ್ಟೆಯ ಮೇಲೆ ಬಂಗುಡೆ ಸುರಿಯುತ್ತದೆ. ಒಂದು ಬಂಗುಡೆ ಗೂಡು ಸೇರಿಸಿದರೆ 15 ಅಂಕ. ಮೀನು ಕಚ್ಚಿದ ಬೆಕ್ಕು ನಿಧಾನ, ಸೆಕೆಂಡಿಗೆ 4 ಮೀಟರ್. ಅದರ ಬಾಯಿ ತುಂಬಿರುತ್ತದೆ, ಹಾಗಾಗಿ ಗುರ್ ಎನ್ನಲಾರದು, ಕೂಗಿ ಗೆಳೆಯರನ್ನು ಕರೆಯಲಾರದು. ನಿಯಮವನ್ನು ಬರೆದು ಹೇಳಬೇಕಾಗಿಲ್ಲ, ನೋಡಿದರೆ ಮಗುವಿಗೂ ತಿಳಿಯುತ್ತದೆ. ಇಂಥ ನಿಯಮ ಒಂದು ಸಿಕ್ಕರೆ ಹತ್ತು ಪುಟದ ಸೂಚನೆ ಉಳಿಯುತ್ತದೆ.

ಎಲ್ಲಿ ಕೆಡುತ್ತದೆ? ಮೊದಲನೆಯದಾಗಿ, ಐದೂ ಬೆಕ್ಕು ಒಂದೇ ನೆಲೆಗೆ ಮುತ್ತಿಕೊಂಡು ಉಜ್ಜುವುದು. ಐದರಷ್ಟು ವೇಗ ಕೊಟ್ಟರೆ ಆಟ ಕುರಿಮಂದೆಯಾಗುತ್ತದೆ, ಒಂದು ಗುಂಪು ಬಳೆಯ ಸುತ್ತ ಓಡುತ್ತಿರುತ್ತದೆ. ಒಂದು ನೆಲೆಯಲ್ಲಿ ಇಬ್ಬರ ಉಜ್ಜಾಟಕ್ಕೆ ಮಾತ್ರ ಲೆಕ್ಕವಿರಲಿ, ಎರಡನೆಯವರದಕ್ಕೆ ಅರ್ಧ ಬಲ.

ಎರಡನೆಯದು ಗೂಡಿನ ಬಾಗಿಲಲ್ಲಿ ಹೊಂಚು. ಈಗಷ್ಟೇ ಓಡಿ ಬಂದ ಬೆಕ್ಕು ಹೊರಗೆ ಕಾಲಿಡುತ್ತಲೇ ಮತ್ತೆ ಏಟು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲ್ಲಿ ಇಲಿಯೂ ದುಡ್ಡೋ ಸಮಯವೋ ಕೊಟ್ಟು ಬಂದ ಆಟಗಾರ. ಗೂಡಿನ ಸುತ್ತ 15 ಮೀಟರ್‌ನೊಳಗೆ ಪರಬಣದ ಬೆಕ್ಕಿಗೆ ಸೆಕೆಂಡಿಗೆ 10 ಧೈರ್ಯ ಇಳಿಯಲಿ. ಗೂಡಿಗೆ ಎರಡು ಬಾಗಿಲೂ ಇರಲಿ, ಒಂದು ನೆಲಕ್ಕೆ, ಇನ್ನೊಂದು ಮಾಡಿನ ಮೇಲಕ್ಕೆ.

ಮೂರನೆಯದು ಸೂಕ್ಷ್ಮ. ಒಂದೇ ನೆಲೆಯಲ್ಲಿ ಎರಡೂ ಬಣದವರು ನಿಂತರೆ ಏನಾಗಬೇಕು? ಹಲವು ಆಟಗಳಲ್ಲಿ ಆಗ ಎಣಿಕೆ ನಿಲ್ಲುತ್ತದೆ. ಹಾಗೆ ಮಾಡಿದರೆ ನೆಲೆಯ ಒಡೆಯ ತನ್ನ ಒಂದು ಬೆಕ್ಕನ್ನು ಮೂಲೆಯಲ್ಲಿ ಸುಮ್ಮನೆ ನಿಲ್ಲಿಸಿ ಕಾಲ ತಳ್ಳುತ್ತಾನೆ. ಇಬ್ಬರೂ ಉಜ್ಜಲಾಗದಂತೆ ಮಾಡಿ, ಆದರೆ ಇಳಿಕೆ ನಡೆಯುತ್ತಲೇ ಇರಲಿ. ಸೆಕೆಂಡಿಗೆ 2 ಹೋಗುತ್ತಿದ್ದರೆ ಒಡೆಯನೇ ಮೈಮೇಲೆ ಬಿದ್ದು ಎದುರಾಳಿಯನ್ನು ಓಡಿಸಬೇಕಾಗುತ್ತದೆ. ಕೊನೆಯ ಒಂದು ನಿಮಿಷ ಈ ಇಳಿಕೆಯನ್ನು 3ಕ್ಕೆ ಏರಿಸಿ. ಆಗ ಒಂದು ಬೆಕ್ಕು ಎರಡು ನೆಲೆಯನ್ನೂ ಪೂರ್ತಿ ಕಾಯಲಾರದು, ನೆಲೆಗಳು ಪಟಪಟನೆ ಕೈ ಬದಲಾಯಿಸುತ್ತವೆ.

ಗಾಳಿಯ ದಿಕ್ಕು ಸೇರಿಸೋಣ, ಕಡಲ ಕಡೆಯಿಂದ ಬೀಸಿದಾಗ ವಾಸನೆ ಅತ್ತ ಹರಡಲಿ ಎಂಬ ಆಸೆ ಮೂಡುವುದುಂಟು. ಬೇಡ. ಮಾಡಿದವರಿಗಷ್ಟೇ ಅದು ಖುಷಿ.

ಕಣ್ಣಿನ ವಿಷಯ ಹೇಳಬೇಕು. ಬೆಕ್ಕಿನ ಭುಜ ನೆಲದಿಂದ ಸುಮಾರು 25 ಸೆಂಟಿಮೀಟರ್. ಕ್ಯಾಮೆರಾ ಅಲ್ಲೇ ಇಟ್ಟರೆ ಒಂದು ಮೀನಿನ ಬುಟ್ಟಿ ಅಡ್ಡ ಬಂದರೂ ಲೋಕ ಮುಚ್ಚಿಹೋಗುತ್ತದೆ. ಬೆನ್ನ ಹಿಂದೆ ಸುಮಾರು 1.2 ಮೀಟರ್, ಮೇಲೆ 60 ಸೆಂಟಿಮೀಟರ್ ಇಟ್ಟು ನೋಡಿ. ದೋಣಿಯ ಅಡಿಗೆ ನುಗ್ಗಿದಾಗ ಕ್ಯಾಮೆರಾ ಮರದ ಹಲಗೆಯೊಳಗೆ ಹೂತುಹೋಗುತ್ತದೆ. ಅಂಥ ತಗ್ಗು ಜಾಗದಲ್ಲಿ ಮೇಲಿನ ಹಲಗೆಯನ್ನು ಪಾರದರ್ಶಕ ಮಾಡಬೇಕು. ಇನ್ನು ಬಣದ ಗುರುತು ಮೈಬಣ್ಣದಲ್ಲಿ ಬೇಡ. ಆಟಗಾರರಿಗೆ ತಮ್ಮದೇ ಬೆಕ್ಕು ಬೇಕು: ಬೂದಿ, ಕಪ್ಪು, ಪಟ್ಟೆ, ಮೂರು ಬಣ್ಣದ್ದು. ಅಂದಹಾಗೆ ಮೂರು ಬಣ್ಣದ ಬೆಕ್ಕು ಹೆಚ್ಚೂಕಡಿಮೆ ಯಾವಾಗಲೂ ಹೆಣ್ಣೇ. ಗಡವನ ಪಾತ್ರಕ್ಕೆ ಆ ಬಣ್ಣ ಕೊಟ್ಟರೆ ಬೆಕ್ಕು ಸಾಕಿದವರು ನಗುತ್ತಾರೆ. ಬಣಕ್ಕೆ ನೀಲಿ ಮತ್ತು ಕಿತ್ತಳೆ ಅಂಚುಗೆರೆ ಕೊಡಿ, ಜೊತೆಗೆ ಒಂದಕ್ಕೆ ಗೆರೆ, ಇನ್ನೊಂದಕ್ಕೆ ಚುಕ್ಕೆ. ಕೆಂಪು-ಹಸಿರು ವ್ಯತ್ಯಾಸ ಕಾಣದವರಿಗೂ ಆಗ ತೊಂದರೆಯಿಲ್ಲ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸರ್ವರ್, ಅಂದರೆ ಎಲ್ಲರ ಫೋನುಗಳನ್ನೂ ಜೋಡಿಸುವ ನಡುವಿನ ಕಂಪ್ಯೂಟರ್. ಆಡುವವರ ಫೋನು "ನಾನು ಉಜ್ಜಿ ಮುಗಿಸಿದೆ" ಎಂದು ಹೇಳಿ, ಸರ್ವರ್ ಅದನ್ನು ನಂಬಿದರೆ, ಮಾರನೇ ದಿನವೇ ಯಾರೋ ಒಬ್ಬ ಏಳೂ ನೆಲೆಯನ್ನು ಒಂದು ಕ್ಷಣದಲ್ಲಿ ಹಿಡಿಯುತ್ತಾನೆ. ಆಟ ಕಟ್ಟಲು ಬಳಸುವುದು ರೋಬ್ಲಾಕ್ಸ್ ಆಗಲಿ, ಗೊಡೋ ಆಗಲಿ, ಫೋನು ಕಳಿಸಬೇಕಾದದ್ದು "ಉಜ್ಜಲು ಶುರುಮಾಡಿದೆ", "ಬಿಟ್ಟೆ" ಎಂಬ ಎರಡೇ ಮಾತು. ಬೆಕ್ಕು ನೆಲೆಯ ಹತ್ತಿರವಿದೆಯೇ, 3 ಸೆಕೆಂಡ್ ಆಯಿತೇ ಎಂದು ಸರ್ವರ್ ತಾನೇ ನೋಡಬೇಕು. ಅದು ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಹಾಕಿದರೆ ಈ ಆಟಕ್ಕೆ ಸಾಕು. ನೆಲೆಗಳ ವಾಸನೆ ಏಳೇ ಅಂಕೆ. ಅರ್ಧ ಸೆಕೆಂಡಿಗೊಮ್ಮೆ ಕಳಿಸಿ, ನಡುವಿನದನ್ನು ಫೋನೇ ತುಂಬಿಕೊಳ್ಳಲಿ. ಪಿಂಗ್, ಅಂದರೆ ಫೋನಿಗೂ ಸರ್ವರಿಗೂ ಮಾಹಿತಿ ಹೋಗಿಬರುವ ಸಮಯ, ಜಾಸ್ತಿ ಇರುವವರ ಪಂಜದ ಏಟನ್ನು ತೀರ್ಮಾನಿಸುವಾಗ ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ ನೋಡಬಹುದು, ಆದರೆ 200 ಮಿಲಿಸೆಕೆಂಡಿಗಿಂತ ಹಿಂದಕ್ಕೆ ಬೇಡ. ಮೀರಿದರೆ ಗೋಡೆಯ ಮರೆಗೆ ಹೋಗಿಯಾದ ಬೆಕ್ಕಿಗೂ ಏಟು ಬೀಳುತ್ತದೆ, ಅದು ಸಿಟ್ಟಿಗೆದ್ದು ಆಟ ಬಿಡುತ್ತದೆ.

ಎದುರಾಳಿ ಓಡಿದ ದಾರಿಯಲ್ಲಿ ವಾಸನೆಯ ಜಾಡು 8 ಸೆಕೆಂಡ್ ಉಳಿಯಲಿ, ಸೆಕೆಂಡಿಗೊಂದು ಚುಕ್ಕೆಯಂತೆ. 10 ಮೀಟರ್ ಒಳಗಿರುವ ಬೆಕ್ಕಿಗೆ ಮಾತ್ರ ಆ ಚುಕ್ಕೆ ಕಳಿಸಬೇಕು. ಎಲ್ಲ ಚುಕ್ಕೆಗಳನ್ನೂ ಎಲ್ಲ ಫೋನಿಗೂ ಕಳಿಸಿ, ಪರದೆಯಲ್ಲಷ್ಟೇ ಮರೆಮಾಚುವುದು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಫೋನಿಗೆ ಬಂದ ಮಾಹಿತಿಯನ್ನು ತೆಗೆದು ನೋಡುವವರು ಇದ್ದೇ ಇರುತ್ತಾರೆ.

ಒಬ್ಬರ ನೆಟ್ ಹೋಗಿ ನಾಲ್ವರು ಉಳಿದರೆ, ಆ ಬಣದ ನೆಲೆಗಳ ಇಳಿಕೆಯನ್ನು 2ರಿಂದ 1.6ಕ್ಕೆ ತನ್ನಿ. ಐದರಲ್ಲಿ ನಾಲ್ಕು ಪಾಲು ಕೈ, ನಾಲ್ಕು ಪಾಲು ಕೆಲಸ.

ತಂಡ ಹಂಚುವುದಕ್ಕೆ ದೊಡ್ಡ ಗಣಿತ ಬೇಡ. ಆಟಗಾರರ ಬಲ ಅಳೆಯಲು ಚೆಸ್‌ಗೆಂದು ಅರ್ಪಾದ್ ಎಲೋ ರೂಪಿಸಿದ ರೇಟಿಂಗ್ ಒಬ್ಬರಿಗೆ ಒಬ್ಬರು ಆಡುವ ಆಟದ್ದು. ತಂಡದ ಆಟಕ್ಕೆ ಮೈಕ್ರೋಸಾಫ್ಟ್‌ನವರ ಟ್ರೂಸ್ಕಿಲ್ ಇದೆ. ಆದರೆ ಒಂದು ಹೊತ್ತಿಗೆ ನಲವತ್ತು ಜನ ಆಡುವ ಹೊಸ ಆಟದಲ್ಲಿ ಸರಿಜೋಡಿ ಹುಡುಕುತ್ತಾ ಕೂತರೆ ಕಾದು ಬೇಸತ್ತವರೇ ಉಳಿಯುತ್ತಾರೆ. ಬಂದ ಹತ್ತು ಜನರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ. 1, 4, 5, 8, 9 ಒಂದು ಕಡೆ. 2, 3, 6, 7, 10 ಇನ್ನೊಂದು ಕಡೆ. ಕೂಡಿ ನೋಡಿ: 27, 28. ಮಕ್ಕಳು ಆಡುವುದರಿಂದ ಮುಕ್ತವಾದ ಮಾತುಕತೆ ಬೇಡ, ಬಾ, ಹುಷಾರ್, ಮೀನು, ಕಾವಲು, ಓಡು ಎಂಬ ಐದು ಕೂಗು ಸಾಕು. ಬೆಳೆದ ಬೆಕ್ಕುಗಳು ಮಿಯಾಂವ್ ಎನ್ನುವುದು ಹೆಚ್ಚಾಗಿ ಮನುಷ್ಯರೊಡನೆ, ತಮ್ಮತಮ್ಮಲ್ಲಿ ಅಲ್ಲ. ಆದರೂ ಮಿಯಾಂವ್ ಇರಲಿ. ಆಟಕ್ಕೆ ಈ ಒಂದು ಸುಳ್ಳು ಬೇಕು.

ಇಷ್ಟನ್ನೂ ಕೋಡ್ ಬರೆಯುವ ಮುಂಚೆ ಮೈದಾನದಲ್ಲಿ ಆಡಿಸಿ. ಹತ್ತು ಜನ, ಏಳು ತೆಂಗಿನ ಚಿಪ್ಪು, ಪ್ರತಿ ಚಿಪ್ಪಿನ ಹತ್ತಿರ ಮೊಬೈಲಿನ ಗಡಿಯಾರ ಹಿಡಿದ ಒಬ್ಬರು. ಚಿಪ್ಪುಗಳ ದೂರ 15 ಮೀಟರ್ ಸಾಕು, ಸುತ್ತು ಪೂರ್ತಿ ಓಡುತ್ತಲೇ ಇರಬೇಕಾದ ಮನುಷ್ಯರು ಐದು ಸೆಕೆಂಡಿಗೆ ಅಷ್ಟು ದಾಟಿದರೆ ಆಯಿತು. ಉಜ್ಜುವ ಬದಲು ಮೂರು ಎಣಿಸುವುದು; ಮೂರು ಎಣಿಸಿದರೆ ಆ ಚಿಪ್ಪಿಗೆ 20 ಸೆಕೆಂಡ್ ಆಯುಸ್ಸು. ಪಂಜದ ಬದಲು ಬೆನ್ನಿಗೆ ತಟ್ಟು. ಪ್ರತಿ ಸುತ್ತಿನಲ್ಲೂ ಮೂರನೇ ನಿಮಿಷಕ್ಕೆ ಯಾರು ಮುಂದಿದ್ದರು, ಕೊನೆಗೆ ಯಾರು ಗೆದ್ದರು ಎಂಬ ಎರಡನ್ನು ಬರೆದಿಡಿ. ಹತ್ತರಲ್ಲಿ ಒಂಬತ್ತು ಸಲ ಅವರೇ ಇವರಾದರೆ ಇಳಿಕೆ ನಿಧಾನವಾಯಿತು ಎಂದು ಅರ್ಥ, 2 ಇದ್ದದ್ದನ್ನು ಎರಡೂವರೆ ಮಾಡಿ. ಐದೇ ಸಲ ಆದರೆ ಮೊದಲ ಮೂರು ನಿಮಿಷದ ಆಟಕ್ಕೆ ಬೆಲೆಯೇ ಇಲ್ಲ, ಒಂದೂವರೆಗೆ ಇಳಿಸಿ. ಆರೋ ಏಳೋ ಸಲ ಆಗಿ, ಸೋತ ಐವರು ಯಾರೂ ಕರೆಯದೆ ಇನ್ನೊಂದು ಸುತ್ತಿಗೆ ಚಿಪ್ಪು ಜೋಡಿಸುತ್ತಿದ್ದರೆ, ಮನೆಗೆ ಹೋಗಿ ಕಂಪ್ಯೂಟರ್ ತೆರೆಯಿರಿ.

ನಮಸ್ಕಾರ.