ಮತಗಟ್ಟೆಯಲ್ಲಿ ಗುರುತು: ಕಾರ್ಡ್ ಬೇರೆ, ಪಟ್ಟಿ ಬೇರೆ

ಕೇಳುಗರಿಗೆ ನಮಸ್ಕಾರ. "ಎಪಿಕ್ ಕಾರ್ಡ್ ಕೈಯಲ್ಲೇ ಇದೆ, ಮತ ಹಾಕಲು ಯಾಕೆ ಬಿಡುವುದಿಲ್ಲ?" ಮತಗಟ್ಟೆಯ ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿಬರುವ ಜಗಳ ಇದು. ಎಪಿಕ್ ಎಂದರೆ ಚುನಾವಣಾ ಆಯೋಗ ಕೊಡುವ ಮತದಾರರ ಗುರುತಿನ ಚೀಟಿ. ಅದು ನೀವು ಯಾರೆಂದು ತೋರಿಸುತ್ತದೆ, ಅಷ್ಟೆ. ಮತ ಹಾಕಬೇಕಾದರೆ ಆ ಮತಗಟ್ಟೆಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರು ತೆಗೆದುಹಾಕಿದ್ದರೆ ಯಾವ ಕಾರ್ಡೂ ಉಪಯೋಗಕ್ಕೆ ಬಾರದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಸೇರಿಸಲೂ ಬರುವುದಿಲ್ಲ. ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ, ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿದರೂ ಆದೀತು.

ಹೆಸರಿದ್ದು ಕಾರ್ಡ್ ಕಳೆದಿದ್ದರೆ ಗಾಬರಿ ಬೇಡ. 2024ರ ಲೋಕಸಭಾ ಚುನಾವಣೆಯಲ್ಲಿ ಆಯೋಗ 12 ಪರ್ಯಾಯ ದಾಖಲೆಗಳನ್ನು ಒಪ್ಪಿತ್ತು. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್, ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್ ಅದರಲ್ಲಿದ್ದವು. ಪಾಸ್‌ಬುಕ್ಕಿನಲ್ಲಿ, ಪಿಂಚಣಿ ಪತ್ರದಲ್ಲಿ ಫೋಟೊ ಇರಲೇಬೇಕು. ರೇಷನ್ ಕಾರ್ಡ್ ಆ ಪಟ್ಟಿಯಲ್ಲಿರಲಿಲ್ಲ. ಮನೆಗೆ ತಂದುಕೊಡುವ ಮತದಾರರ ಮಾಹಿತಿ ಚೀಟಿಯೊಂದನ್ನೇ ಹಿಡಿದು ಬಂದರೂ 2019ರಿಂದ ನಡೆಯುವುದಿಲ್ಲ. ಪಟ್ಟಿಯಲ್ಲಿನ ನಿಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬೇಗ ಸಿಗಲು ಅದು ಸಹಾಯ, ಅಷ್ಟೇ. ವಿದೇಶದಲ್ಲಿದ್ದು ಸಾಗರೋತ್ತರ ಮತದಾರರೆಂದು ನೋಂದಾಯಿಸಿಕೊಂಡವರು ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು.

ಎಪಿಕ್‌ನಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೆ ವಾಪಸ್ ಕಳಿಸುವಂತಿಲ್ಲ, ಗುರುತು ಖಚಿತವಾದರೆ ಸಾಕು. ಬೇರೆ ಕ್ಷೇತ್ರದಲ್ಲಿ ಕೊಟ್ಟ ಎಪಿಕ್ ಕೂಡ ನಡೆಯುತ್ತದೆ, ಹೆಸರು ಮಾತ್ರ ಇಲ್ಲಿನ ಪಟ್ಟಿಯಲ್ಲಿರಬೇಕು. ಫೋಟೊ ತೀರಾ ಹೊಂದದಿದ್ದರೆ ಪರ್ಯಾಯ ದಾಖಲೆ ಕೇಳುತ್ತಾರೆ. ಹಳೆಯ ಕಾರ್ಡಿನವರು ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡೇ ಬರುವುದು ಜಾಣತನ.

ಮೊದಲನೇ ಮತಗಟ್ಟೆ ಅಧಿಕಾರಿ ನಿಮ್ಮ ಹೆಸರನ್ನು ಗಟ್ಟಿಯಾಗಿ ಓದುವುದು ಸುಮ್ಮನೆ ಅಲ್ಲ. ಅಲ್ಲಿ ಕೂತ ಅಭ್ಯರ್ಥಿಗಳ ಏಜೆಂಟರು ಕೇಳಿಸಿಕೊಳ್ಳಲಿ ಎಂದು. ಈ ವ್ಯಕ್ತಿ ಆ ಹೆಸರಿನವರಲ್ಲ ಎಂದು ಏಜೆಂಟರಿಗೆ ಅನ್ನಿಸಿದರೆ 2 ರೂಪಾಯಿ ಠೇವಣಿ ಕಟ್ಟಿ ಆಕ್ಷೇಪಿಸಬಹುದು. ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಣೆ ನಡೆಸುತ್ತಾರೆ. ಆಕ್ಷೇಪ ಸಾಬೀತಾಗದಿದ್ದರೆ ನೀವು ಮತ ಹಾಕುತ್ತೀರಿ. ದುರುದ್ದೇಶದ ಆಕ್ಷೇಪವಾಗಿದ್ದರೆ ಠೇವಣಿ ಮುಟ್ಟುಗೋಲು. ಮೊತ್ತ ಇಂದಿಗೆ ನಗು ತರಿಸುವಂಥದ್ದು, ನಿಯಮ 1961ರದ್ದು.

ಇನ್ನು, ನಿಮ್ಮ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿ ಹೋಗಿದ್ದರೆ? ಅಧ್ಯಕ್ಷಾಧಿಕಾರಿಯ ಬಳಿ ಟೆಂಡರ್ ಮತ, ಅಂದರೆ ಇಂಥವರಿಗೆಂದೇ ಇರುವ ಮತ ಕೇಳಿ. ಗುರುತಿನ ಬಗ್ಗೆ ಅವರ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿ, 17ಬಿ ನಮೂನೆಯಲ್ಲಿ ಸಹಿ ಹಾಕಿದರೆ ಕಾಗದದ ಮತಪತ್ರ ಕೊಡುತ್ತಾರೆ. ಇವಿಎಂ ಗುಂಡಿಯೇ ಬೇಕೆಂದು ಹಟ ಹಿಡಿದು ಫಲವಿಲ್ಲ. ಗುರುತು ಹಾಕಿದ ಮತಪತ್ರ ಪ್ರತ್ಯೇಕ ಲಕೋಟೆಗೆ ಹೋಗುತ್ತದೆ, ಎಣಿಕೆಯ ದಿನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.