ಸೆಲೂನಲ್ಲಿ ಡಿಪ್ರೆಶನ್ ಟ್ರೀಟ್‌ಮೆಂಟಾ? ಲಾಸ್ ಏಂಜಲೀಸ್‌ನ ಒಂದು ಪ್ರಯೋಗದ ಕಥೆ

[ಸ್ಕ್ರೀನ್ ಮೇಲೆ: ಹಳೇ ಮೆಡಿಕಲ್ ಜರ್ನಲ್‌ನ ಒಂದು ಪುಟ, ನಿಧಾನವಾಗಿ ಝೂಮ್]

ಈ ಚಿತ್ರ ನೋಡಿ ಸ್ವಲ್ಪ. 1974ರದ್ದು, ಅಮೆರಿಕದ ಸೈಕಿಯಾಟ್ರಿ ಡಾಕ್ಟರ್‌ಗಳು ಓದೋ ದೊಡ್ಡ ಜರ್ನಲ್‌ನಲ್ಲಿ ಬಂದಿದ್ದ ಜಾಹೀರಾತು, ಹಾಲ್ಡಾಲ್ ಅನ್ನೋ ಮಾನಸಿಕ ಕಾಯಿಲೆ ಮಾತ್ರೆದು. ಒಬ್ಬ ಕಪ್ಪು ಮನುಷ್ಯ, ಮುಷ್ಟಿ ಬಿಗಿ ಹಿಡ್ಕೊಂಡು ಸಿಟ್ಟಲ್ಲಿ ನಿಂತಿದಾನೆ. ಕೆಳಗಡೆ ಬರೆದಿರೋದರ ಅರ್ಥ ಏನಪ್ಪಾ ಅಂದ್ರೆ, ಇವನು ಜಗಳಕ್ಕೆ ಬರ್ತಾನಾ, ಹಾಲ್ಡಾಲ್ ಕೊಡಿ, ಹೇಳಿದ ಮಾತು ಕೇಳ್ತಾನೆ ಅಂತ. ಆ ಮುಷ್ಟಿ ಆಗಿನ ಕಾಲದಲ್ಲಿ ಕಪ್ಪು ಜನರ ಹೋರಾಟದ ಗುರುತು ಕಣ್ರೀ! ಅದನ್ನೇ ಕಾಯಿಲೆ ಲಕ್ಷಣ ಮಾಡಿ ಪುಟದ ಮೇಲೆ ಇಟ್ಟುಬಿಟ್ರು.

ಇದು ಹಳೇ ಕಥೆ ಬಿಡಿ ಅನ್ಬೇಡಿ. 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಪ್ರಕಾರ ಅಮೆರಿಕದಲ್ಲಿ ಬಿಳಿಯರಿಗಿಂತ ಕಪ್ಪು ಜನರಿಗೆ ಸ್ಕಿಜೋಫ್ರೇನಿಯಾ, ಅಂದ್ರೆ ಇಲ್ಲದ ದನಿ ಕೇಳಿಸೋ, ಭ್ರಮೆ ಹುಟ್ಟೋ ಥರದ ಗಂಭೀರ ಮಾನಸಿಕ ಕಾಯಿಲೆ, ಅಂತ ಡಯಾಗ್ನೋಸ್ ಆಗೋದು ಸುಮಾರು 2.4 ಪಟ್ಟು ಜಾಸ್ತಿ. ಡಿಪ್ರೆಶನ್ ವಿಷಯಕ್ಕೆ ಬಂದ್ರೆ ಉಲ್ಟಾ, ಅವರಿಗೆ ಟ್ರೀಟ್‌ಮೆಂಟ್ ಸಿಗೋದೇ ಕಮ್ಮಿ. ಸಿಕ್ಕರೂ ತುಂಬಾ ಜನ ಹೋಗಲ್ಲ, ಯಾಕೆ ಹೋಗ್ಬೇಕು ಹೇಳಿ, 1932ರಿಂದ 1972ರ ತನಕ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸಿಫಿಲಿಸ್ ಬಂದಿದ್ದ ನೂರಾರು ಕಪ್ಪು ಗಂಡಸರಿಗೆ ಔಷಧಿ ಕೊಡದೇ, ರೋಗ ಹೆಂಗೆ ಮುಂದುವರಿಯುತ್ತೆ ಅಂತ ನೋಡ್ತಾ ಕೂತಿದ್ದು ಸರ್ಕಾರದ ಆರೋಗ್ಯ ಇಲಾಖೆನೇ. ಮನೆಮನೆಯಲ್ಲಿ ಈ ಕಥೆ ಗೊತ್ತು. ರಿಸರ್ಚ್ ಅಂದ ತಕ್ಷಣ ಬಾಗಿಲು ಹಾಕ್ಕೋತಾರೆ.

[ಮ್ಯಾಪ್: ಸೌತ್ ಲಾಸ್ ಏಂಜಲೀಸ್, ಹಾಲಿವುಡ್-ಮೆಟ್ರೋ]

ಈಗ ಅಸಲಿ ಕಥೆಗೆ ಬರೋಣ. ಸೌತ್ ಎಲ್.ಎ.ನಲ್ಲಿ ಲೊರೆಟ್ಟಾ ಜೋನ್ಸ್ ಅಂತ ಒಬ್ಬರಿದ್ರು, ಡಾಕ್ಟರ್ ಅಲ್ಲ, ಏರಿಯಾದ ಹೆಣ್ಮಗಳು, 1992ರಲ್ಲಿ ಹೆಲ್ದಿ ಆಫ್ರಿಕನ್ ಅಮೆರಿಕನ್ ಫ್ಯಾಮಿಲೀಸ್ ಅನ್ನೋ ಸಂಸ್ಥೆ ಶುರು ಮಾಡಿದವರು. ಆ ಕಡೆ ಯು.ಸಿ.ಎಲ್.ಎ. ಅನ್ನೋ ಅಲ್ಲಿನ ದೊಡ್ಡ ಯೂನಿವರ್ಸಿಟಿಯಲ್ಲಿ ಕೆನೆತ್ ವೆಲ್ಸ್ ಅನ್ನೋ ಸೈಕಿಯಾಟ್ರಿಸ್ಟ್. ಇಬ್ಬರೂ ಸೇರಿ ಮಾಡಿದ ಪ್ರಾಜೆಕ್ಟೇ ಕಮ್ಯುನಿಟಿ ಪಾರ್ಟ್‌ನರ್ಸ್ ಇನ್ ಕೇರ್.

ಪ್ಲಾನ್ ಚೆನ್ನಾಗಿದೆ ಕೇಳಿ. ಸುಮಾರು 95 ಪ್ರೋಗ್ರಾಂ, ಅಂದ್ರೆ ಜನರಿಗೆ ಸೇವೆ ಕೊಡೋ ಜಾಗಗಳನ್ನ, ತಗೊಂಡ್ರು. ಕ್ಲಿನಿಕ್ ಅಷ್ಟೇ ಅಲ್ಲ, ಚರ್ಚು, ಪಾರ್ಕು, ವಯಸ್ಸಾದವರ ಸೆಂಟರ್, ಮನೆ ಇಲ್ಲದವರಿಗೆ ಸಹಾಯ ಮಾಡೋ ಸಂಸ್ಥೆ, ಹೇರ್ ಸೆಲೂನು ಕೂಡ. ಅವನ್ನ ಲಾಟರಿ ಥರ ಎರಡು ಗುಂಪು ಮಾಡಿದ್ರು. ಡಿಪ್ರೆಶನ್‌ಗೆ ಏನೇನು ಮಾಡ್ಬೇಕು ಅನ್ನೋ ಕಿಟ್ ಎರಡು ಗುಂಪಿಗೂ ಒಂದೇ, ಕೌನ್ಸೆಲಿಂಗ್, ಔಷಧಿ, ಫಾಲೋ ಅಪ್, ಎಲ್ಲಾ ಸೇಮ್. ಮೊದಲನೇ ಗುಂಪಿನ ಪ್ರೋಗ್ರಾಂಗಳಿಗೆ ಬೇರೆಬೇರೆಯಾಗಿ ಟ್ರೈನಿಂಗ್ ಕೊಟ್ಟು, ಇನ್ನು ನೀವೇ ನೋಡ್ಕೊಳ್ಳಿ ಅಂದ್ರು. ಎರಡನೇದರಲ್ಲಿ ಪಾದ್ರಿ, ನರ್ಸು, ಪಾರ್ಕಿನವರು, ಸೋಶಿಯಲ್ ವರ್ಕರ್ ಎಲ್ಲರನ್ನೂ ಒಂದೇ ಟೇಬಲ್‌ಗೆ ಕೂರಿಸಿ, ತಿಂಗಳುಗಟ್ಟಲೆ ಮೀಟಿಂಗ್ ಮಾಡಿ, ಯಾರು ಯಾರನ್ನ ಎಲ್ಲಿಗೆ ಕಳಿಸ್ಬೇಕು, ಟ್ರೈನಿಂಗ್ ಹೆಂಗಿರ್ಬೇಕು ಅನ್ನೋದನ್ನ ಅವರ ಕೈಲೇ ತೀರ್ಮಾನ ಮಾಡಿಸಿದ್ರು.

ಇಲ್ಲಿ ಒಂದು ಮಾತು. ನಿಮ್ಹಾನ್ಸ್‌ನವರು 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪಿ.ಎಚ್.ಸಿ. ಡಾಕ್ಟರ್‌ಗಳಿಗೆ ಮಾನಸಿಕ ಕಾಯಿಲೆ ಟ್ರೀಟ್ ಮಾಡೋದು ಕಲಿಸಿದ್ರಲ್ಲ, ಇದೂ ಅದೇ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಪೂರ್ತಿ ಅಲ್ಲ. ಬಳ್ಳಾರಿಯಲ್ಲಿ ತಜ್ಞರು ಪ್ಲಾನ್ ಮಾಡಿ ಕೆಲಸ ಹಂಚಿದ್ರು, ಇಲ್ಲಿ ಪ್ಲಾನ್ ಮಾಡೋ ಕುರ್ಚಿನೇ ಹಂಚಿದ್ದು.

[ಗ್ರಾಫಿಕ್: ಎರಡು ಗುಂಪು ಪಕ್ಕಪಕ್ಕ]

ಸರಿ, ರಿಸಲ್ಟ್? 2013ರಲ್ಲಿ ಬಂತು, ಡಿಪ್ರೆಶನ್ ಲಕ್ಷಣ ಇದ್ದ ಸಾವಿರಕ್ಕೂ ಹೆಚ್ಚು ಜನ ಇದರಲ್ಲಿದ್ರು, ಬಹುತೇಕ ಕಪ್ಪು ಮತ್ತೆ ಲ್ಯಾಟಿನೋ, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದ ಜನ. ಆರು ತಿಂಗಳಿಗೆ ಒಟ್ಟಿಗೆ ಕೂತು ಪ್ಲಾನ್ ಮಾಡಿದ ಗುಂಪಿನವರ ಮಾನಸಿಕ ನೆಮ್ಮದಿ, ಜೀವನ ಮಟ್ಟ ಜಾಸ್ತಿ ಸುಧಾರಿಸಿತ್ತು, ಓಡಾಟ ವ್ಯಾಯಾಮ ಹೆಚ್ಚಾಗಿತ್ತು, ಮನೆ ಕಳ್ಕೊಳ್ಳೋ ಅಪಾಯ ಕಮ್ಮಿ, ಮಾನಸಿಕ ಕಾರಣಕ್ಕೆ ಆಸ್ಪತ್ರೆಗೆ ಸೇರೋದೂ ಕಮ್ಮಿ. ಆದ್ರೆ ಡಿಪ್ರೆಶನ್ ಸ್ಕೋರ್ ಅಂತ ಒಂದಿದೆಯಲ್ಲ, ಪ್ರಶ್ನೆ ಕೇಳಿ ನಂಬರ್ ಹಾಕೋದು, ಅದರಲ್ಲಿ ಎರಡು ಗುಂಪಿಗೂ ಹೇಳ್ಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಹನ್ನೆರಡು ತಿಂಗಳಿಗೆ ಲಾಭ ಮಸುಕಾಯ್ತು, ಮೂರು ವರ್ಷಕ್ಕೆ ಮುಖ್ಯ ಅಳತೆಗಳಲ್ಲಿ ಗಟ್ಟಿ ವ್ಯತ್ಯಾಸ ಉಳೀಲಿಲ್ಲ.

ಸೋ ಪವಾಡ ಏನೂ ಅಲ್ಲ, ಯಾರಾದ್ರೂ ಹಂಗೆ ಹೇಳಿದ್ರೆ ನಂಬಬೇಡಿ. ನನಗೆ ಮಾತ್ರ ಈ ಆಸ್ಪತ್ರೆ ಮತ್ತೆ ಮನೆ ವಿಷಯನೇ ದೊಡ್ಡದು ಅನ್ಸುತ್ತೆ, ಯಾಕಂದ್ರೆ ಬಾಡಿಗೆ ಕಟ್ಟೋಕೆ ಆಗದೇ ಬೀದಿಗೆ ಬೀಳೋ ಭಯದಲ್ಲಿರೋನಿಗೆ ಸ್ಕೋರ್ ಎರಡು ಪಾಯಿಂಟ್ ಇಳಿದ್ರೆ ಎಷ್ಟು, ಬಿಟ್ರೆ ಎಷ್ಟು? ಜೊತೆಗೆ ಇನ್ನೊಂದು ಆಗಿತ್ತು, ಜನ ಸ್ಪೆಷಲಿಸ್ಟ್ ಹತ್ರ ಮಾತ್ರೆಗೆ ಹೋಗೋದು ಕಮ್ಮಿಯಾಗಿ ಮಾಮೂಲಿ ಡಾಕ್ಟರ್, ಚರ್ಚು, ಪಾರ್ಕಿನ ಕಡೆ ತಿರುಗಿದ್ರು. ಅಂದ್ರೆ ಗುರುತಿರೋ ಮುಖದ ಹತ್ರ ಹೋದ್ರು.

[ಕೊನೇ ಫ್ರೇಮ್: ಲೇಖನದ ಮೊದಲ ಪುಟ]

ಲೊರೆಟ್ಟಾ ಜೋನ್ಸ್ 2018ರಲ್ಲಿ ತೀರಿಕೊಂಡ್ರು. ಅದಕ್ಕೂ ಮೊದಲು, 2007ರಲ್ಲಿ, ಜಾಮಾ ಅಂದ್ರೆ ಅಮೆರಿಕದ ಡಾಕ್ಟರ್‌ಗಳ ಸಂಘದ ಜರ್ನಲ್‌ನಲ್ಲಿ ಜೋನ್ಸ್, ವೆಲ್ಸ್ ಇಬ್ಬರೂ ಒಂದು ಲೇಖನ ಬರೆದಿದ್ರು, ಪ್ರೊಫೆಸರ್‌ಗಳು ಊರಿನವರ ಜೊತೆ ಹೆಂಗೆ ಕೆಲಸ ಮಾಡ್ಬೇಕು ಅಂತ. ಲೇಖಕರ ಹೆಸರಿರೋ ಜಾಗ ನೋಡಿ, ಮೊದಲು ಜೋನ್ಸ್, ಆಮೇಲೆ ವೆಲ್ಸ್.