ದೇಶದ ಸರಾಸರಿ ಯಾರ ಅಳತೆಗೋಲು?

ಬೆಂಗಳೂರಿನ ದೊಡ್ಡ ಕಂಪನಿಗಳು ತಮ್ಮ ಸಿಬ್ಬಂದಿಯ ವಿವರ ನೀಡುವಾಗ, ತಮ್ಮಲ್ಲಿ ಮಹಿಳೆಯರ ಪ್ರಮಾಣ ದೇಶದ ಸರಾಸರಿಗಿಂತ ಮೇಲಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಈ ಹೋಲಿಕೆಯೇ ದಾರಿ ತಪ್ಪಿಸುವಂಥದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಅಂಕಿಯನ್ನೇ ನೋಡೋಣ. ದುಡಿಮೆ ಮತ್ತು ನಿರುದ್ಯೋಗವನ್ನು ಅಳೆಯುವ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ 2023-24ರ ವರದಿಯಂತೆ, 15 ವರ್ಷ ದಾಟಿದ ಮಹಿಳೆಯರಲ್ಲಿ ಶೇ 41.7ರಷ್ಟು ಮಂದಿ ದುಡಿಯುತ್ತಿದ್ದಾರೆ ಅಥವಾ ಕೆಲಸ ಹುಡುಕುತ್ತಿದ್ದಾರೆ. ಪುರುಷರಲ್ಲಿ ಈ ಪ್ರಮಾಣ ಶೇ 78.8. ಹಾಗೆಂದು ದುಡಿಯುವ ನೂರು ಜನರಲ್ಲಿ 41 ಮಂದಿ ಮಹಿಳೆಯರು ಎಂದು ಓದಿಕೊಳ್ಳುವಂತಿಲ್ಲ. ಗಂಡು ಹೆಣ್ಣುಗಳ ಸಂಖ್ಯೆ ಹೆಚ್ಚುಕಡಿಮೆ ಸಮವೆಂದು ಹಿಡಿದರೆ ಮಹಿಳೆಯರ ಪಾಲು ಸುಮಾರು 35 ಆಗುತ್ತದೆ. ಅದರಲ್ಲೂ ಹಳ್ಳಿಗಳಲ್ಲಿ ದುಡಿಯುವ ಮಹಿಳೆಯರ ಪೈಕಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಬೇಸಾಯದಲ್ಲಿದ್ದಾರೆ. ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ಗೇಯುವವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಬೆಳ್ಳಂದೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಅವರು ಹೇಗೆ ಅಳತೆಗೋಲಾದಾರು?

ಅಮೆರಿಕದ ಸುಪ್ರೀಂ ಕೋರ್ಟ್ 1977ರಲ್ಲಿ ಹೇಝಲ್‌ವುಡ್ ಶಾಲಾ ಜಿಲ್ಲೆಯ (ಸೇಂಟ್ ಲೂಯಿಸ್ ನಗರದ ಪಕ್ಕದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ವಿರುದ್ಧದ ನೇಮಕಾತಿ ತಾರತಮ್ಯದ ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ಅಲ್ಲಿ ಕಪ್ಪು ಶಿಕ್ಷಕರ ಪ್ರಮಾಣ ಶೇ 2ಕ್ಕಿಂತ ಕಡಿಮೆಯಿತ್ತು. ಕೆಳಗಿನ ನ್ಯಾಯಾಲಯ ಆ ಸಂಖ್ಯೆಯನ್ನು ಕಪ್ಪು ವಿದ್ಯಾರ್ಥಿಗಳ ಸಂಖ್ಯೆಯೊಂದಿಗೆ ಹೋಲಿಸಿ ಸಮಾಧಾನಪಟ್ಟಿತ್ತು. ಆದರೆ ಸುಪ್ರೀಂ ಕೋರ್ಟ್, ಆ ಪ್ರದೇಶದಲ್ಲಿ ಲಭ್ಯವಿರುವ ಅರ್ಹ ಶಿಕ್ಷಕರೊಂದಿಗೆ ಹೋಲಿಸಬೇಕೆಂದಿತು. ಸೇಂಟ್ ಲೂಯಿಸ್ ನಗರವನ್ನು ಸೇರಿಸಿದರೆ ಆ ಶಿಕ್ಷಕರಲ್ಲಿ ಕಪ್ಪು ಜನರ ಪಾಲು ಶೇ 15.4, ಕೈಬಿಟ್ಟರೆ ಶೇ 5.7. ಯಾವ ಊರಿನವರನ್ನು, ಯಾವ ಅರ್ಹತೆಯವರನ್ನು ಎಣಿಸುತ್ತೇವೆ ಎಂಬುದರ ಮೇಲೆಯೇ ಕಂಪನಿಯ ನಡತೆ ನ್ಯಾಯವೋ ಅನ್ಯಾಯವೋ ಎಂಬ ತೀರ್ಪು ನಿಲ್ಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

ನಮ್ಮ ಊರಿನ ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ತೆಗೆದುಕೊಳ್ಳಿ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಹೊಲಿಗೆ ಯಂತ್ರಗಳ ಮುಂದೆ ಕುಳಿತವರಲ್ಲಿ ಬಹುಪಾಲು ಮಹಿಳೆಯರೇ; ಅವರ ಬೆನ್ನ ಹಿಂದೆ ನಿಂತು ಟಾರ್ಗೆಟ್ ಕೇಳುವ ಸೂಪರ್‌ವೈಸರ್, ಮ್ಯಾನೇಜರ್ ಹುದ್ದೆಗಳಲ್ಲಿ ಹೆಚ್ಚಾಗಿ ಪುರುಷರಿದ್ದಾರೆ. ಇಂಥ ಕಾರ್ಖಾನೆ ದೇಶದ ಸರಾಸರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಇಲ್ಲಿ ಸೂಪರ್‌ವೈಸರ್ ಹುದ್ದೆಯನ್ನು ಅಳೆಯಬೇಕಾದದ್ದು ಅದೇ ಕಾರ್ಖಾನೆಯ ಅನುಭವಿ ಟೈಲರ್‌ಗಳ ಎದುರಿಗೆ, ಏಕೆಂದರೆ ಆ ಕೆಲಸವನ್ನು ಬಲ್ಲವರು ಅಲ್ಲಿಯೇ ಇದ್ದಾರೆ.

ಷೇರುಪೇಟೆಯ ಅಗ್ರ 1000 ಕಂಪನಿಗಳು 2022-23ರಿಂದ ತಮ್ಮ ಸಾಮಾಜಿಕ ಹಾಗೂ ಪರಿಸರ ಹೊಣೆಗಾರಿಕೆಯ ವಿವರವಿರುವ ಬಿಆರ್‌ಎಸ್‌ಆರ್ ವರದಿ ನೀಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಕಾಯಂ ನೌಕರರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಹೆಣ್ಣು ಗಂಡುಗಳಿಗೆ ಪ್ರತ್ಯೇಕವಾಗಿ ಎಷ್ಟು, ಹೆರಿಗೆ ರಜೆಯ ನಂತರ ಮರಳಿದವರೆಷ್ಟು ಎಂಬುದೂ ಅದರಲ್ಲಿ ಬರಬೇಕು. ಒಟ್ಟು ಶೇಕಡಾವಾರಿಗಿಂತ ನನಗೆ ಈ ಎರಡು ಅಂಕಿಗಳೇ ಹೆಚ್ಚು ಮುಖ್ಯ. ಸಿಬ್ಬಂದಿಯ ಜಾತಿಯನ್ನು ಮಾತ್ರ ಆ ನಮೂನೆ ಕೇಳುವುದಿಲ್ಲ. 2011ರ ಜನಗಣತಿಯಂತೆ ಶೇ 16.6ರಷ್ಟಿರುವ ಪರಿಶಿಷ್ಟ ಜಾತಿಯವರು ಈ ಕಚೇರಿಗಳ ಯಾವ ಮಹಡಿಯಲ್ಲಿದ್ದಾರೆಂದು ತಿಳಿಯುವ ದಾರಿಯೇ ಇಲ್ಲದಿರುವುದು ಸಣ್ಣ ಲೋಪವಲ್ಲ.

ಆದ್ದರಿಂದ ಕಂಪನಿಗಳು ದೇಶದ ಸರಾಸರಿಯನ್ನು ಬದಿಗಿಟ್ಟು, ಪ್ರತಿಯೊಂದು ಹಂತದ ಹುದ್ದೆಗೂ ಅರ್ಜಿ ಹಾಕಿದವರು, ಸಂದರ್ಶನಕ್ಕೆ ಕರೆಯಲ್ಪಟ್ಟವರು, ಆಯ್ಕೆಯಾದವರು ಮತ್ತು ಮೂರು ವರ್ಷಗಳ ನಂತರವೂ ಉಳಿದವರು ಯಾರೆಂಬ ಲೆಕ್ಕವನ್ನು ಮುಂದಿನ ವರದಿಯಲ್ಲಿಯೇ ಪ್ರಕಟಿಸಬೇಕು.